ಆಪಾ ಮನೆ ಮುಂದೆ ನಿಲ್ಲುತ್ತಿದ್ದ ಜೀಪು

ಹೋದ ತಿಂಗಳು ಮಂತ್ರಿಯೊಬ್ಬರು ಹರಿಹರಕ್ಕೆ ಬರುತ್ತಾರೆಂದು ಪೇಪರಿನಲ್ಲಿ ಓದಿ, ಬೆಳಿಗ್ಗೆಯೇ ಟ್ರಂಕು ತೆಗೆದು ಕೂತೆ. ಒಳ್ಳೆಯ ಸೀರೆಗೆಂದು ಕೈ ಹಾಕಿದರೆ ನೇರಳೆ ಬಣ್ಣದ ಒಂದು ಜಂಪರು ಸಿಕ್ಕಿತು. ಮೈಯೆಲ್ಲ ನುಸಿಗುಳಿಗೆಯ ವಾಸನೆ. ತೊಟ್ಟು ನೋಡಿದೆ, ಎಡಗಂಕುಳಲ್ಲಿ ಹಿಡಿಯಿತು. ಹೊಲಿದು ಕೊಟ್ಟ ದಿನವೇ ಹಿಡಿಯುತ್ತಿತ್ತು, ಈಗ ಬಿಡುತ್ತದೆಯೆ? ಪಕ್ಕದ ಮನೆಯವಳು ಬೇಕಂತಲೇ ಹೀಗೆ ಹೊಲಿದಿದ್ದಾಳೆ ಎಂದು ಅವತ್ತು ಮನೆಯಲ್ಲಿ ಹಾರಾಡಿದ್ದೆ. ನಿನ್ನ ಮೈ ದಪ್ಪ ಆಗಿದ್ದಕ್ಕೆ ಆಪಾ ಏನು ಮಾಡ್ಯಾಳು ಎಂದು ನನ್ನ ಗಂಡ ನಕ್ಕಿದ್ದರು. ಅವರು ಯಾವಾಗಲೂ ಆಕೆಯ ಕಡೆಯೇ.

ನಮ್ಮದು ಹರಿಹರದ ಹಳೇ ಓಣಿ. ಮೂಲೆಯಲ್ಲಿ ನಮ್ಮ ಹಿಟ್ಟಿನ ಗಿರಣಿ, ಅದಕ್ಕೆ ಅಂಟಿಕೊಂಡು ನಮ್ಮ ಮನೆ, ಅದರ ಪಕ್ಕದಲ್ಲಿ ಆಕೆಯದು. ಓಣಿಗೆಲ್ಲ ಆಕೆ ಟೇಲರ್ ಆಪಾ, ಉರ್ದುವಿನಲ್ಲಿ ಆಪಾ ಎಂದರೆ ಅಕ್ಕ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನು ತುಳಿದೇ ಮಗಳನ್ನು ಓದಿಸಿ ದಾವಣಗೆರೆಗೆ ಮದುವೆ ಮಾಡಿ ಕೊಟ್ಟಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ನೋಡಿದರೆ ಚಿಕ್ಕವಳಂತೆ ಕಾಣುತ್ತಿದ್ದಳು. ಗಂಟಲಂತೂ ಕೇಳಬೇಡಿ. ಗಿರಣಿ ಓಡುವಾಗ ನನ್ನ ಗಂಡನನ್ನು ಕರೆಯಬೇಕೆಂದರೆ ನಾನು ಹತ್ತಿರ ಹೋಗಿ ಭುಜ ತಟ್ಟಬೇಕು. ಆಕೆ ತನ್ನ ಬಾಗಿಲಲ್ಲೇ ನಿಂತು ‘ಅಣ್ಣಾರೆ’ ಎಂದರೆ ಇವರು ಸ್ವಿಚ್ಚು ಆರಿಸಿ ಹೊರಗೆ ಬರುತ್ತಿದ್ದರು. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಗಿರಬೇಕು.

ಓಣಿಯ ತುದಿಯಲ್ಲಿ ಸರ್ಕಾರಿ ಶಾಲೆ. ಆ ಶಾಲೆಯ ಕಾಂಪೌಂಡಿಗೆ ಬೆನ್ನು ಹಚ್ಚಿ ಒಂದು ಬ್ರಾಂದಿ ಅಂಗಡಿ ಬಂತು. ಸಂಜೆಯಾದರೆ ಹೆಣ್ಣುಮಕ್ಕಳು ಓಣಿಗೆ ಕಾಲಿಡುವಂತಿಲ್ಲ, ಬೆಳಿಗ್ಗೆ ಶಾಲೆಯ ಬಾಗಿಲಲ್ಲೇ ಕುಡಿದವರು ಬಿದ್ದಿರುತ್ತಿದ್ದರು. ಅಂಗಡಿ ಎತ್ತಿಸಬೇಕೆಂದು ನಾವು ಹೆಂಗಸರು ಸೇರಿ ಒಂದು ಸಮಿತಿ ಕಟ್ಟಿದೆವು. ನಾನು ಎಸ್ಸೆಸ್ಸೆಲ್ಸಿ ಪಾಸು, ಅಕ್ಷರ ದುಂಡಗೆ, ಹಾಗಾಗಿ ನನ್ನನ್ನು ಅಧ್ಯಕ್ಷೆ ಮಾಡಿದರು. ಆಕೆಗೆ ಯಾವ ಹುದ್ದೆಯೂ ಇರಲಿಲ್ಲ, ಬೇಕೆಂದು ಕೇಳಲೂ ಇಲ್ಲ. ಅರ್ಜಿ ಬರೆಯುವವಳು ನಾನು, ಕಚೇರಿ ಕಚೇರಿ ಅಲೆಯುವವಳು ನಾನು. ಪರಿಶೀಲಿಸುತ್ತೇವೆ ಎನ್ನುವ ಒಂದೇ ಮಾತು ಕೇಳಿ ಕೇಳಿ ಬೇಸತ್ತು ಒಂದು ದಿನ ಅಂಗಡಿ ಮುಂದೆ ಧರಣಿ ಕೂತೆವು.

ಆ ಮೊದಲ ಧರಣಿಯಲ್ಲೇ ನಮ್ಮಿಬ್ಬರ ಹಣೆಬರಹ ಬೇರೆ ಬೇರೆಯೆಂದು ಗೊತ್ತಾಯಿತು. ಪೊಲೀಸರು ಬಂದರು. ಹೆಂಗಸರ ಧರಣಿಯಾದರೆ ಗಂಡು ಪೊಲೀಸರು ಮೈ ಮುಟ್ಟುವಂತಿಲ್ಲ, ಮಹಿಳಾ ಪೊಲೀಸರೇ ಬಂದು ಎತ್ತಬೇಕು. ಆಕೆ ಮೈ ಸಡಿಲ ಬಿಟ್ಟು ಜೋಳದ ಚೀಲದ ಹಾಗೆ ಕೂತುಬಿಟ್ಟಳು. ನಾಲ್ಕು ಜನ ಕೈಕಾಲು ಹಿಡಿದು ಎತ್ತಿದರೂ ಘೋಷಣೆ ನಿಲ್ಲಿಸಲಿಲ್ಲ. ನಡುನಡುವೆ, ನಿನ್ನ ಸೊಂಟ ಹುಷಾರು ನನ್ನವ್ವ ಎಂದು ಎತ್ತುವವರಿಗೇ ಹೇಳುತ್ತಿದ್ದಳು. ಜನ ನಕ್ಕರು, ಪೊಲೀಸರೂ ನಕ್ಕರು, ಮರುದಿನ ಪೇಪರಿನಲ್ಲಿ ಫೋಟೋ ಬಂತು. ಪಕ್ಕದಲ್ಲೇ ಕೂತಿದ್ದ ನನ್ನ ಹತ್ತಿರ ಇನ್ಸ್‌ಪೆಕ್ಟರು ಬಂದು, ಅಮ್ಮಾರೆ ನೀವು ದೊಡ್ಡೋರು, ಏಳ್ರಿ ಎಂದರು. ಎದ್ದೆ. ಮರ್ಯಾದೆ ಕೊಟ್ಟು ಮಾತಾಡಿಸಿದರೆ ಏಳದೆ ಇರುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಒಮ್ಮೆ ಮಂತ್ರಿಯ ಕಾರು ನಮ್ಮೂರಲ್ಲಿ ನಿಧಾನವಾದಾಗ ಆಕೆ ಹೋಗಿ ಮುಂದೆ ನಿಂತುಬಿಟ್ಟಳು. ಅಂದಿನಿಂದ ಒಂದು ಪದ್ಧತಿ ಬಿತ್ತು. ಯಾವ ಮಂತ್ರಿ ಈ ಕಡೆ ಬಂದರೂ ಬೆಳಿಗ್ಗೆಯೇ ಜೀಪು ಓಣಿಗೆ ಬರುವುದು. ಮುಂಜಾಗ್ರತೆ ಎನ್ನುತ್ತಿದ್ದರು. ಮಂತ್ರಿ ಬಂದು ಹೋಗುವ ತನಕ ಆಕೆಯನ್ನು ಠಾಣೆಯಲ್ಲಿ ಕೂರಿಸುವುದು, ಇಲ್ಲವೇ ಮನೆಯಲ್ಲೇ ಒಬ್ಬ ಮಹಿಳಾ ಪೇದೆಯನ್ನು ಕಾವಲಿಡುವುದು. ಆ ಪೇದೆ ಕೊಕ್ಕನೂರಿನ ಕಡೆಯವಳು, ಗಟ್ಟಿಮುಟ್ಟಾದ ಹೆಂಗಸು. ಧರಣಿಯಲ್ಲಿ ಆಕೆಯನ್ನು ಎತ್ತುತ್ತಿದ್ದ ನಾಲ್ವರಲ್ಲಿ ಇವಳೂ ಒಬ್ಬಳು. ಮಿಷನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದಳು, ಆಕೆ ಹೊಲಿಯುತ್ತಿದ್ದಳು. ಹಾಗೆ ಕಾಯುತ್ತಲೇ ಆ ಪೇದೆ ಜಂಪರಿಗೆ ಅಳತೆ ಕೊಟ್ಟಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಓಣಿಗೆ ಅದೊಂದು ಹಬ್ಬ. ನನ್ನ ಗಂಡ ಹಿಟ್ಟಿನ ಕೈಯಲ್ಲೇ ಹೋಗಿ, ಏನ್ ಆಪಾ, ಬೀಗರು ಬಂದ್ರಾ ಎಂದು ಚಾಷ್ಟಿ ಮಾಡಿ ಬರುತ್ತಿದ್ದರು. ನನ್ನೊಡನೆ ಅವರು ಹಾಗೆ ಚಾಷ್ಟಿ ಮಾಡಿದ್ದು ನೆನಪಿಲ್ಲ. ನಾನೂ ಪ್ರತಿ ಸಲ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಜೀಪು ಬರುವುದು, ನನ್ನ ಮನೆ ದಾಟುವುದು, ಧೂಳು ಎಬ್ಬಿಸಿ ಆಕೆಯ ಮನೆ ಮುಂದೆ ನಿಲ್ಲುವುದು. ಅಧ್ಯಕ್ಷೆ ನಾನು, ಅರೆಸ್ಟ್ ಆಗುವವಳು ಆಕೆ! ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ನನ್ನದು ಬರೀ ಹೆಸರಿಗೆ ಅಧ್ಯಕ್ಷಗಿರಿ, ಊರು ಹೆದರುತ್ತಿದ್ದದ್ದು ಆಕೆಗೆ.

ಒಮ್ಮೆ ತಡೆಯಲಾರದೆ ಆ ಪೇದೆಯನ್ನೇ ಕೇಳಿಬಿಟ್ಟೆ. ಸಮಿತಿಗೆ ಯಜಮಾನಿ ನಾನು, ನನ್ನನ್ನು ಯಾಕೆ ಹಿಡಿಯುವುದಿಲ್ಲ ಎಂದೆ. ಅವಳು ಟೀ ಲೋಟ ಕೆಳಗಿಟ್ಟು ನಕ್ಕಳು.

“ನೀವು ಹೇಳಿದ್ರೆ ಕೇಳ್ತೀರಲ್ರಿ ಅಮ್ಮಾರೆ. ನಿಮ್ಮನ್ನ ಹಿಡಿಯಾದು ಯಾಕ?”

ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಿನ ಹಾಗೆ ಇದೆ.

ಅಂಗಡಿ ಮಾತ್ರ ಇದ್ದಲ್ಲೇ ಇತ್ತು. ಅಷ್ಟರಲ್ಲಿ ಮಂತ್ರಿ ದಾವಣಗೆರೆಯಲ್ಲಿ ದೊಡ್ಡ ಸಮಾರಂಭಕ್ಕೆ ಬರುವುದು ಗೊತ್ತಾಯಿತು. ಅವರು ಹಾದುಹೋಗುವ ಸರ್ಕಲ್ಲಿನ ಬದಿಯಲ್ಲಿ ನಿಂತು ಮನವಿ ಕೊಡಲು ಅನುಮತಿ ಬೇಕೆಂದು ನಾನು ಅರ್ಜಿ ಹಾಕಿದೆ. ಪ್ರತಿಭಟನೆ ಮಾಡುವವರು ಊರಾಚೆ ಗೊತ್ತು ಮಾಡಿರುವ ಮೈದಾನದಲ್ಲಿ ಮಾಡಬಹುದು, ಸರ್ಕಲ್ಲಿನಲ್ಲಿ ಕೂಡದು ಎಂದು ಉತ್ತರ ಬಂತು. ಮೈದಾನಕ್ಕೇ ಹೋಗೋಣ, ಕಾನೂನು ಮೀರುವುದು ಬೇಡ ಎಂದು ಸಮಿತಿಯ ಸಭೆಯಲ್ಲಿ ನಾನು ವಾದ ಮಾಡಿದೆ. ಆಕೆ ಬಾಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಡಿದು ನನ್ನ ಕಡೆ ತಿರುಗಿದಳು.

“ಆ ಬಯಲಾಗೆ ಯಾರ್ ಅದಾರ್ರಿ ಅಧ್ಯಕ್ಷರೇ? ಎರಡು ಕತ್ತೆ ಮೇಯ್ತಿರ್ತಾವೆ. ಕತ್ತೆಗೆ ಮನವಿ ಕೊಟ್ಟು ಬರಾನೇನು? ನಾವು ಯಾರ ದಾರಿಗೂ ಅಡ್ಡ ನಿಲ್ಲಲ್ಲ. ಬದಿಗೆ ನಿಲ್ತೀವಿ. ಅವ್ರು ನಮ್ಮನ್ನ ನೋಡ್ಬೇಕು, ಅಷ್ಟೆ.”

ಎಲ್ಲರೂ ಆಕೆಯ ಮಾತಿಗೇ ತಲೆಯಾಡಿಸಿದರು. ನಾನು ಸಭೆಯ ಅಧ್ಯಕ್ಷತೆ ವಹಿಸಿ, ನನ್ನ ಮಾತೇ ಬಿದ್ದುಹೋದದ್ದನ್ನು ನೋಡುತ್ತ ಕೂತಿದ್ದೆ.

ಆ ದಿನ ಬೆಳಿಗ್ಗೆ ಗಿರಣಿಯಲ್ಲಿ ರಾಗಿ ಜರಡಿ ಹಿಡಿಯುತ್ತಿದ್ದೆ. ಜೀಪಿನ ಸದ್ದಾಯಿತು. ಇನ್ನೇನು ದಾಟಿ ಹೋಗುತ್ತದೆ ಎಂದುಕೊಂಡು ತಲೆಯೆತ್ತಲಿಲ್ಲ. ಜೀಪು ನಮ್ಮ ಮನೆ ಮುಂದೆ ನಿಂತಿತು. ಕೊಕ್ಕನೂರಿನ ಪೇದೆ ಇಳಿದು, ಅಮ್ಮಾರೆ ನೀವೇ ಬರಬೇಕಂತ್ರಿ ಎಂದಳು. ಠಾಣೆಗೆ ಹೊಸ ಇನ್ಸ್‌ಪೆಕ್ಟರು ಬಂದಿದ್ದರು. ಅವರಿಗೆ ಓಣಿಯ ಸಮಾಚಾರ ಏನೂ ತಿಳಿಯದು. ಸಮಿತಿಯ ಮುಖ್ಯಸ್ಥೆ ಯಾರು, ಅರ್ಜಿ ಹಾಕಿದವಳೇ ತಾನೆ, ಅವಳನ್ನು ಕರೆತನ್ನಿ ಎಂದಿದ್ದರು.

ಸುಳ್ಳು ಯಾಕೆ ಹೇಳಲಿ, ನನಗೆ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. ಒಂದು ನಿಮಿಷ ತಡೀರಿ ಎಂದು ಒಳಗೆ ಓಡಿ ಕೈ ತೊಳೆದೆ, ರೇಷ್ಮೆ ಸೀರೆ ಉಟ್ಟೆ, ಹೂವು ಮುಡಿದೆ. ಹೊರಗೆ ಬಂದು ಬೇಕಂತಲೇ ನಿಧಾನವಾಗಿ ಜೀಪು ಹತ್ತಿದೆ. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಆಕೆಯೂ ಮಿಷನ್ನು ನಿಲ್ಲಿಸಿ ಕಟ್ಟೆಗೆ ಬಂದಳು. ಇವತ್ತಾದರೂ ಆಕೆಯ ಮುಖದಲ್ಲಿ ಒಂದಿಷ್ಟು ಉರಿ ಕಂಡೀತೆಂದು ಹುಡುಕಿದೆ. ಒಂದು ಚೂರೂ ಇರಲಿಲ್ಲ.

“ಸೀರಿ ಭಾಳ ಚೆಂದ ಐತ್ರಿ ಅಧ್ಯಕ್ಷರೇ. ಆರಾಮಾಗಿ ಕುಂತು ಬರ್ರಿ.”

ಹಾಗೆಂದು ಕಣ್ಣು ಮಿಟುಕಿಸಿದಳು. ಇವತ್ತು ತನ್ನನ್ನು ಹಿಡಿಯದೆ ಬಿಟ್ಟಿದ್ದಾರೆ ಎನ್ನುವುದು ಆಕೆಗೆ ಆಗಲೇ ಹೊಳೆದಿತ್ತು. ಜೀಪು ತಿರುವು ದಾಟುವ ಮೊದಲೇ ಹೆಂಗಸರನ್ನು ಕೂಗಿ ಕರೆಯುವ ಸದ್ದು ನನಗೆ ಕೇಳಿಸಿತು. ದಾವಣಗೆರೆ ಬಸ್ಸಿಗೆ ಹೊರಡಿಸುತ್ತಿದ್ದಳು.

ಠಾಣೆಯಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಟೀ ಕೊಟ್ಟರು. ನಾನು ಪೇದೆಗೆ ನನ್ನ ಅರ್ಜಿಗಳ ಕಥೆಯನ್ನೆಲ್ಲ ಹೇಳಿದೆ. ಅವಳು ಹೂಂಗುಟ್ಟುತ್ತ ಕೇಳುತ್ತಿದ್ದಳು. ತನಗೆ ಇವತ್ತು ದಾವಣಗೆರೆಯಲ್ಲಿ ಬಂದೋಬಸ್ತ್ ಬಿದ್ದಿತ್ತೆಂದೂ, ಬಿಸಿಲಲ್ಲಿ ನಿಲ್ಲುವುದು ನನ್ನಿಂದಾಗಿ ತಪ್ಪಿತೆಂದೂ ಹೇಳಿ ನನಗೊಂದು ಬಾಳೆಹಣ್ಣು ಕೊಟ್ಟಳು. ಸೆರೆವಾಸವೆಂದರೆ ಇಷ್ಟೇನಾ, ಇದಕ್ಕಾಗಿ ಇಷ್ಟು ವರ್ಷ ಹೊಟ್ಟೆ ಉರಿದುಕೊಂಡೆನಾ ಅನ್ನಿಸಿತು. ಆದರೂ ಖುಷಿಯಾಗಿದ್ದೆ...

ಮಧ್ಯಾಹ್ನದ ಹೊತ್ತಿಗೆ ವೈರ್‌ಲೆಸ್ಸಿನಲ್ಲಿ ಗಲಿಬಿಲಿ ಶುರುವಾಯಿತು. ದಾವಣಗೆರೆ, ಸರ್ಕಲ್ಲು, ಹೆಂಗಸರು, ಗಾಯ ಎನ್ನುವ ನಾಲ್ಕು ಮಾತು ಕಿವಿಗೆ ಬಿದ್ದವು. ನನ್ನನ್ನು ಬಿಡಿ ಎಂದು ಎದ್ದು ನಿಂತೆ. ಮಂತ್ರಿಯ ಗಾಡಿ ಜಿಲ್ಲೆ ದಾಟುವ ತನಕ ಬಿಡುವಂತಿಲ್ಲ ಎಂದರು. ಕೂಗಾಡಿದೆ. ಜನ್ಮದಲ್ಲಿ ಮೊದಲ ಸಲ ಪೊಲೀಸರ ಮೇಲೆ ಕೂಗಾಡಿದ್ದು ಅವತ್ತೇ. ನೋಡುವವರು ಯಾರೂ ಇರಲಿಲ್ಲ.

ಅಲ್ಲಿ ನಡೆದದ್ದನ್ನು ಜೊತೆಗೆ ಹೋಗಿದ್ದ ಹೆಂಗಸರು ಆಮೇಲೆ ಹೇಳಿದರು. ಇವರೆಲ್ಲ ಸರ್ಕಲ್ಲಿನ ಬದಿಯಲ್ಲೇ ಕೂತಿದ್ದರು. ಅಲ್ಲಿಂದೇಳಿ, ಮೈದಾನಕ್ಕೆ ಹೋಗಿ ಎಂದು ಅಧಿಕಾರಿ ಒಳ್ಳೆಯ ಮಾತಿನಲ್ಲೇ ಹೇಳಿದ್ದಾನೆ. ಐದು ನಿಮಿಷ, ಅವರು ಹಾದುಹೋದರೆ ನಾವೂ ಏಳುತ್ತೇವೆ ಎಂದು ಆಕೆ ಅಂದಿದ್ದಾಳೆ. ಅಷ್ಟರಲ್ಲಿ ಮಂತ್ರಿಯ ಪಕ್ಷದ ಜನ ಹಿಂದಿನಿಂದ ನುಗ್ಗಿದ್ದಾರೆ, ರಸ್ತೆ ಇಕ್ಕಟ್ಟಾಗಿದೆ, ಗಾಡಿಗಳು ಹತ್ತಿರ ಬಂದಿವೆ. ಇವರನ್ನು ಎತ್ತಬೇಕೆಂದರೆ ಮಹಿಳಾ ಪೊಲೀಸರು ಅಲ್ಲೊಬ್ಬರು ಇಲ್ಲೊಬ್ಬರು. ಹೆಂಗಸರನ್ನು ಮುಟ್ಟಬೇಡಿ, ಬ್ಯಾರಿಕೇಡು ಸರಿಸಿ ಹಿಂದಕ್ಕೆ ಕಳಿಸಿ ಎಂದು ಯಾರೋ ಕೂಗಿದ್ದಾರೆ. ಗಂಡು ಪೊಲೀಸರು ಸಾಲಾಗಿ ನಿಂತು ಕಬ್ಬಿಣದ ಬ್ಯಾರಿಕೇಡುಗಳನ್ನು ನೂಕಿಕೊಂಡು ಬಂದಿದ್ದಾರೆ. ಉಳಿದವರು ಗಾಬರಿಯಾಗಿ ಎದ್ದರು. ಆಕೆ ಏಳಲಿಲ್ಲ. ಯಾರಾದರೂ ಬಂದು ಎತ್ತುತ್ತಾರೆಂದು ಎಂದಿನ ಹಾಗೆ ಮೈ ಸಡಿಲ ಬಿಟ್ಟು, ಬಲಗೈ ನೆಲಕ್ಕೂರಿ ಕೂತೇ ಇದ್ದಳು. ಆ ಕೈಯ ಮೇಲೆ ಬ್ಯಾರಿಕೇಡಿನ ಕಾಲು ಹಾದುಹೋಯಿತು.

ಆಸ್ಪತ್ರೆಗೆ ಕರೆದೊಯ್ದದ್ದೂ ಪೊಲೀಸರೇ. ಆ ಅಧಿಕಾರಿಯ ಮುಖ ಬಿಳುಚಿಕೊಂಡಿತ್ತಂತೆ. ಆಕೆಯ ಕೈ ಮುರಿಯಬೇಕೆಂದು ಅಲ್ಲಿ ಯಾರೂ ಬಂದಿರಲಿಲ್ಲ. ಮುರಿಯಿತು, ಅಷ್ಟೇ.

ನನ್ನನ್ನು ಸಂಜೆ ಬಿಟ್ಟರು. ರೇಷ್ಮೆ ಸೀರೆಯಲ್ಲೇ ಬಸ್ಸು ಹತ್ತಿ ದಾವಣಗೆರೆಗೆ ಹೋದೆ. ಕೊಕ್ಕನೂರಿನ ಪೇದೆ ಡ್ಯೂಟಿ ಮುಗಿಸಿ ನನ್ನ ಜೊತೆಯಲ್ಲೇ ಬಂದಳು. ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಸೆರಗು ಎಳೆದುಕೊಳ್ಳುತ್ತಿದ್ದ ನನಗೆ ಹೇಳಿದಳು.

“ನಾನು ಅಲ್ಲಿದ್ದಿದ್ರೆ ಎತ್ತಿ ವ್ಯಾನಿಗೆ ಹಾಕ್ತಿದ್ನಿ ಅಮ್ಮಾರೆ. ಆಪಾನ ಭಾರ ನಂಗೆ ಗೊತ್ತಿತ್ತು.”

ಅವಳು ಅಲ್ಲಿರಬೇಕಾದ ಹೊತ್ತಿನಲ್ಲಿ ನನ್ನನ್ನು ಕಾಯುತ್ತಿದ್ದಳು. ಹೇಳಿದರೆ ಕೇಳುವ ನನ್ನನ್ನು, ಹೂ ಮುಡಿದು ಬೆಂಚಿನ ಮೇಲೆ ಕೂತಿದ್ದ ನನ್ನನ್ನು.

ವಾರ್ಡಿನಲ್ಲಿ ಆಕೆಯ ಹಾಸಿಗೆಯ ಸುತ್ತ ಜಾತ್ರೆ ನೆರೆದಿತ್ತು. ಬಂದವರು ಯಾರೋ, ಹಣ್ಣು ತಂದವರು ಯಾರೋ. ಲೋಕಿಕೆರೆಯ ರೈತರು ಪೇಟೆಗೆ ಬಂದವರು ಸುದ್ದಿ ಕೇಳಿ ನೋಡಲು ಬಂದಿದ್ದರು. ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಆ ನೋವಿನಲ್ಲೂ ನನ್ನನ್ನು ಕಂಡು ಆಕೆಯ ಮುಖ ಅರಳಿತು. ಠಾಣೆಯ ಟೀ ಹೆಂಗಿತ್ತು ಎಂದು ಕೇಳಿದಳು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚೇ. ಸಮಿತಿಯ ಮುಂದಾಳಾಗಿ ಆ ಏಟು ನನಗೆ ಸೇರಬೇಕಾದದ್ದು, ಅದನ್ನೂ ಇವಳೇ ತೆಗೆದುಕೊಂಡಳಲ್ಲ ಅನ್ನಿಸಿತು. ಬ್ಯಾಂಡೇಜಿಗೂ ಹೊಟ್ಟೆಕಿಚ್ಚು ಪಡುವವಳು ನನ್ನನ್ನು ಬಿಟ್ಟು ಈ ಭೂಮಿಯ ಮೇಲೆ ಇನ್ನೊಬ್ಬಳು ಹುಟ್ಟಿರಲಾರಳು.

ಫೋಟೋ ಎಲ್ಲ ಪೇಪರುಗಳಲ್ಲಿ ಬಂತು. ಇಷ್ಟು ದಿನ ಅರ್ಜಿಗೆ ಅಲುಗದ ಬ್ರಾಂದಿ ಅಂಗಡಿ ಕೆಲವೇ ದಿನಗಳಲ್ಲಿ ಊರ ಹೊರಗಿನ ರಸ್ತೆಗೆ ಹೋಯಿತು. ಶಾಲೆಯ ಅಂಗಳದಲ್ಲಿ ಆಕೆಗೆ ಸನ್ಮಾನ ಮಾಡಿದೆವು. ಅಧ್ಯಕ್ಷ ಭಾಷಣ ನನ್ನದೇ, ಶಾಲು ಹೊದಿಸಿದ್ದೂ ನಾನೇ. ಚಪ್ಪಾಳೆ ಆಕೆಗೆ. ಶಾಲಿನ ಅಂಚು ಸರಿಮಾಡಲು ಆಕೆ ಬಲಗೈ ಎತ್ತಿದಾಗ ಎರಡು ಬೆರಳು ಮಡಚದೆ ನೆಟ್ಟಗೆ ನಿಂತಿದ್ದು ಕಂಡಿತು. ಆಮೇಲೆ ಕತ್ತರಿ ಹಿಡಿಯಲು ಆಗಲೇ ಇಲ್ಲ. ಎಡಗೈಯಲ್ಲಿ ಕಲಿಯುತ್ತೇನೆಂದು ಸ್ವಲ್ಪ ದಿನ ಹೆಣಗಾಡಿದಳು. ಬಟ್ಟೆ ಕೊಡುವವರು ಒಬ್ಬೊಬ್ಬರೇ ಕಡಿಮೆಯಾದರು. ಹೊಗಳುವುದಕ್ಕೆ ಬರುತ್ತಿದ್ದರು, ಹೊಲಿಸುವುದಕ್ಕೆ ಬೇರೆ ಕಡೆ ಹೋಗುತ್ತಿದ್ದರು. ಹಟಕ್ಕೆ ಬಿದ್ದು ನಾನು ಒಂದು ನೇರಳೆ ಬಟ್ಟೆ ಕೊಟ್ಟೆ... ಆಕೆ ಹೊಲಿದ ಕೊನೆಯ ಜಂಪರು ಅದೇ ಇರಬೇಕು.

ಒಂದು ದಿನ ಮಗಳು ಬಂದು ದಾವಣಗೆರೆಗೆ ಕರೆದುಕೊಂಡು ಹೋದಳು. ಹೊರಡುವಾಗ, ಇನ್ನು ಮುಂದೆ ಬೀಗರನ್ನ ನೀವೇ ಸುಧಾರಿಸ್ರಿ ಅಧ್ಯಕ್ಷರೇ ಎಂದಳು. ಮೊಮ್ಮಕ್ಕಳ ಜೊತೆ ಚೆನ್ನಾಗಿದ್ದಾಳೆಂದು ಸುದ್ದಿ ಬರುತ್ತಿತ್ತು. ಹೋದ ವರ್ಷ ಜ್ವರದಲ್ಲಿ ತೀರಿಕೊಂಡಳು. ಹೋಗಿದ್ದೆ. ಹೆಂಗಸರಿಗೆ ಮುಖ ತೋರಿಸಿದರು. ನಾನು ನೋಡಬೇಕೆಂದಿದ್ದದ್ದು ಕೈ, ಅದು ಬಿಳಿ ಬಟ್ಟೆಯ ಒಳಗಿತ್ತು. ಅಲ್ಲಿಯೂ ಓಣಿ ತುಂಬ ಜನ. ನಾನು ಸತ್ತರೆ ಇಷ್ಟು ಜನ ಬಂದಾರೆಯೇ ಎಂದು ಲೆಕ್ಕ ಹಾಕುತ್ತ ಹರಿಹರಕ್ಕೆ ಬಂದೆ. ಅವತ್ತೂ ಅಳಲಿಲ್ಲ.

ಹೋದ ತಿಂಗಳು ಜಂಪರನ್ನು ಟ್ರಂಕಿಗೆ ಹಾಕಿ, ಬೇರೆ ತೊಟ್ಟು, ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ಕೂತೆ. ಯಾಕೆ ಕೂತೆ ಎಂದರೆ ಏನು ಹೇಳಲಿ? ಈಗ ಸಮಿತಿಯೂ ಇಲ್ಲ, ಅಂಗಡಿಯೂ ಇಲ್ಲ. ರೂಢಿ, ಅಷ್ಟೇ. ಜೀಪು ಬಂತು. ನನ್ನ ಮನೆ ದಾಟಿತು. ಬೀಗ ಹಾಕಿದ ಆಕೆಯ ಮನೆ ಮುಂದೆ ನಿಂತಿತು. ಒಬ್ಬ ಪೇದೆ, ಜೊತೆಗೆ ಒಬ್ಬಳು ಮಹಿಳಾ ಪೇದೆ, ಇಬ್ಬರೂ ಹೊಸಬರು. ಗಲಾಟೆ ಮಾಡುವವರ ಸಾಲಿನಲ್ಲಿ ಠಾಣೆಯಲ್ಲಿ ಆಕೆಯ ಹೆಸರು ಇನ್ನೂ ಇತ್ತು. ಮೇಲಿನವರು ಹೇಳಿದ್ದರು, ಇವರು ಬಂದಿದ್ದರು. ಬೀಗ ನೋಡಿ ನನ್ನ ಹತ್ತಿರ ಬಂದು, ಟೇಲರ್ ಆಪಾ ಅನ್ನೋರು ಇಲ್ಲೇನಾ ಇರೋದು ಎಂದು ಕೇಳಿದರು.

ತೀರಿಕೊಂಡಳು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಹೆಸರಿನ ಮೇಲೆ ಒಂದು ಗೀಟು ಎಳೆದು ಹೋಗುತ್ತಾರೆ. ಆಮೇಲೆ ಈ ಊರಲ್ಲಿ ಆಕೆಗೆ ಹೆದರುವವರು ಯಾರೂ ಉಳಿಯುವುದಿಲ್ಲ.

“ಇಲ್ಲೇ ಅದಾಳೆ,” ಎಂದೆ. “ಮಗಳ ಮನಿಗೆ ಹೋಗ್ಯಾಳೆ. ಮಂತ್ರಿ ಬರೋ ಹೊತ್ತಿಗೆ ಬರ್ದೆ ಬಿಡಾಕಿ ಅಲ್ಲ ಆಕಿ. ಹುಷಾರಾಗಿರ್ರಿ.”

ಪೇದೆ ಗಾಬರಿಯಿಂದ ಫೋನು ತೆಗೆದು ಸಾಹೇಬರಿಗೆ ಹೇಳಿದ. ಅಲ್ಲೇ ಕಾಯಿರಿ ಎಂದರಂತೆ. ಇಬ್ಬರೂ ಆಕೆಯ ಕಟ್ಟೆಯ ಮೇಲೆ ಕೂತು ಓಣಿಯ ಎರಡೂ ತುದಿ ಕಾದರು. ಬುರ್ಖಾ ಹಾಕಿದ ಹೆಂಗಸು ಯಾರೇ ತಿರುವಿನಲ್ಲಿ ಬಂದರೂ ಎದ್ದು ನಿಲ್ಲುತ್ತಿದ್ದರು. ನಾನು ಟೀ ಮಾಡಿ ಕೊಟ್ಟೆ. ಮಂತ್ರಿಯ ಗಾಡಿಗಳು ದೊಡ್ಡ ರಸ್ತೆಯಲ್ಲಿ ಸೈರನ್ ಹಾಕಿಕೊಂಡು ಹೋದ ಮೇಲೆ ಆ ಹುಡುಗಿ ಖಾಲಿ ಲೋಟ ತಂದುಕೊಟ್ಟು, ಬರಲೇ ಇಲ್ಲಲ್ಲಮ್ಮ ಅವರು ಎಂದಳು. ಇಲ್ಲ ತಾಯಿ, ಬರಲಿಲ್ಲ ಎಂದೆ.

ನೀವು ಯಾರು ಎಂದು ಇಬ್ಬರೂ ಕೇಳದೆ ಹೊರಟುಹೋದರು. ಸತ್ತ ಮೇಲೂ ನಿನ್ನನ್ನೇ ಹುಡುಕಿಕೊಂಡು ಬರುತ್ತಾರಲ್ಲೇ ಆಪಾ ಎಂದು ಬಾಗಿಲಲ್ಲೇ ನಿಂತು ಬೈದೆ. ಇಷ್ಟು ದಿನ ಬಾರದ ಅಳು ಆಗ ಬಂತು.